ಮೂರು ತೋಟಕ್ಕೊಂದು ಶಾಮಿಯಾನ

ಬರ್ನಾರ್ಡ್ ಟಾಪ್ಲಿಸ್ ದುಡಿದಷ್ಟು ಕಾಲವೂ ನಮ್ಮ ಜಿಲ್ಲೆಯ ರಸ್ತೆಗಳ ಪಕ್ಕದಲ್ಲಿ ದಾರಿ ತೋರಿಸುವ ಹಲಗೆಗಳನ್ನು ನೆಟ್ಟವನು. ಅವನು ನೆಟ್ಟ ಹಲಗೆ ನೋಡಿಕೊಂಡು ಊರವರೆಲ್ಲ ಸರಿಯಾಗಿ ಊರು ಸೇರುತ್ತಿದ್ದರು. ಅವನು ಮಾತ್ರ ಪಕ್ಕದೂರಿನ ತಂಗಿಯ ಮನೆಗೆ ಹೊರಟರೆ ಪ್ರತಿಸಲವೂ ಯಾವುದೋ ಕುರಿಹಟ್ಟಿಯ ಮುಂದೆ ಕಾರು ತಿರುಗಿಸಿಕೊಂಡು ಬರುತ್ತಿದ್ದ. ಇಂಥವನಿಗೆ ಒಬ್ಬಳೇ ಮಗಳು, ಜೆಮ್ಮಾ. ಅವಳು ಟೋಬಿ ಕಾರ್ಬೆಟ್ ಎಂಬ ಸಭ್ಯ ಹುಡುಗನನ್ನು ಮೆಚ್ಚಿ, ಹಿಂದಿನ ವರ್ಷದ ವಸಂತದಲ್ಲಿ ಮನೆಗೆ ಬಂದು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು.

"ಅಮ್ಮ, ನನಗೆ ಹೋಟೆಲ್ಲು ಗೀಟೆಲ್ಲು ಬೇಡ. ಚರ್ಚಿಂದ ನಡಕೊಂಡು ಮನೆಗೆ ಬರೋಣ. ನಮ್ಮ ತೋಟದಲ್ಲೇ, ಹೂವಿನ ಮಧ್ಯೆ ಊಟ."

ಹೀಗೆ ಹೇಳಿ ಮಗಳು ರೈಲು ಹತ್ತಿದಳು. ಅಮ್ಮ ಮೌರೀನ್ ಮೊಣಕಾಲೂರಿದಳು. ಅಂದಿನಿಂದ ಅವಳು ನೆಟ್ಟಗೆ ನಿಂತದ್ದನ್ನು ನಮ್ಮ ನೆದರ್‌ವಿಕ್‌ನಲ್ಲಿ ಕಂಡವರು ಕಡಿಮೆ. ಸಾಲುಮನೆಗಳ ಹಿಂದೆ ಎಲ್ಲರಿಗೂ ಇರುವಷ್ಟೇ ತೋಟ ಅವರಿಗೂ ಇತ್ತು. ಅದರಲ್ಲಿ ಅವಳು ಗುಲಾಬಿ ಹಬ್ಬಿಸಿದಳು, ಆಳೆತ್ತರದ ನೀಲಿ ಡೆಲ್ಫಿನಿಯಂ ಎಬ್ಬಿಸಿದಳು, ಬಟಾಣಿ ಬಳ್ಳಿಯಂಥ ಸ್ವೀಟ್ ಪೀಯನ್ನು ಕೋಲುಕೋಲಿಗೆ ಕಟ್ಟಿದಳು. ಎರಡನೆಯ ಬೇಸಿಗೆಯ ಜೂನ್ ಹೊತ್ತಿಗೆ ತೋಟ ಅರಳಿ ನಿಂತಿತು, ಮೌರೀನ್ ಬಾಡಿ ಕೂತಳು. ಈ ಅವಧಿಯಲ್ಲಿ ಬರ್ನಾರ್ಡ್ ಮಾಡಿದ್ದೇನೆಂದರೆ, ಅಡ್ಡ ಬರದೆ ಇದ್ದದ್ದು. ಅಷ್ಟನ್ನೇ ಮುಂದುವರಿಸಿಕೊಂಡು ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಬೀಗಿತ್ತಿ ಡಾಫ್ನಿ ಕಾರ್ಬೆಟ್ ಮೊದಲ ಸಲ ಟೀಗೆ ಬಂದಾಗ ಎಲ್ಲ ಹದಗೆಟ್ಟಿತು. ಡಾಫ್ನಿ ಕೆಟ್ಟವಳಲ್ಲ. ಎಲ್ಲವನ್ನೂ ತಾನೇ ಸರಿಮಾಡಬೇಕೆಂದು ನಂಬಿದ ಹೆಂಗಸು, ಅಷ್ಟೇ. ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿಯನ್ನೇ ಸ್ವಲ್ಪ ತಿರುಗಿಸಿ ಸರಿಮಾಡಿಕೊಳ್ಳುವ ಪೈಕಿ.

"ನಮ್ಮ ದೊಡ್ಡ ಮಗನ ಮದುವೆಗೆ ಹಾಕಿಸಿದ್ವಲ್ಲ ಶಾಮಿಯಾನ," ಎಂದಳು ಡಾಫ್ನಿ, "ಅದರೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೂಗಿದ್ರೆ ಕೇಳಿಸ್ತಾ ಇರ್ಲಿಲ್ಲ. ನಿಮ್ಮದು ಚಿಕ್ಕದಾಗಿ ಚೊಕ್ಕವಾಗಿ ಇರುತ್ತೆ, ಅಲ್ವಾ? ಅದೂ ಚೆನ್ನಾಗೇ ಇರುತ್ತೆ ಬಿಡಿ."

ಚಿಕ್ಕದು ಎಂಬ ಮಾತು ಬರ್ನಾರ್ಡನ ಗಂಟಲಲ್ಲಿ ಬಿಸ್ಕತ್ತಿನ ಚೂರಿನ ಹಾಗೆ ಸಿಕ್ಕಿಕೊಂಡಿತು.

"ಚಿಕ್ಕದೇನಲ್ಲ," ಎಂದ.

ಮೌರೀನ್ ಟೀ ಬಗ್ಗಿಸುತ್ತ ಗಂಡನ ಕಡೆ ನೋಡಿದಳು. ಹೆಂಡತಿ ಹಾಗೆ ನೋಡಿದಾಗ ತಿಳಿದ ಗಂಡಸು ಬಾಯಿಮುಚ್ಚುತ್ತಾನೆ.

"ಸಾಕಷ್ಟು ದೊಡ್ಡದೇ," ಎಂದ ಬರ್ನಾರ್ಡ್.

ಮಾರನೆಯ ದಿನ ಶಾಮಿಯಾನದವರಿಗೆ ಫೋನು ಮಾಡಿದ. ಆ ಕಡೆ ಒಬ್ಬಳು ಹುಡುಗಿ.

"ಎಷ್ಟರದ್ದು ಬೇಕು ಸಾರ್?"

"ಮೂವತ್ತಕ್ಕೆ ಹನ್ನೆರಡು."

"ಅಷ್ಟು ಜಾಗ ಇದೆಯಾ ನಿಮ್ಮನೇಲಿ? ನಮ್ಮವರು ಬಂದು ಒಂದ್ಸಲ ಅಳೆದು ನೋಡ್ಲಾ?"

"ನೋಡಮ್ಮ, ಈ ಜಿಲ್ಲೆಯ ರಸ್ತೆಗಳನ್ನೇ ಅಳೆದವನು ನಾನು. ನನ್ನ ಹಿತ್ತಲು ನನಗೆ ಗೊತ್ತಿಲ್ವಾ?"

ಬರ್ನಾರ್ಡ್ ಹೇಳಿದ್ದು ಅಡಿ. ಹುಡುಗಿಗೆ ಕೇಳಿಸಿದ್ದು ಮೀಟರು. ನಮ್ಮಲ್ಲಿ ಇವನ ವಯಸ್ಸಿನವರಿಗೆ ಜಗತ್ತು ಅಡಿಯಲ್ಲಿದೆ, ಅವಳ ವಯಸ್ಸಿನವರಿಗೆ ಮೀಟರಿನಲ್ಲಿದೆ. ಇಬ್ಬರೂ ಸಂತೋಷದಿಂದ ಫೋನು ಇಟ್ಟರು.

ಮದುವೆ ಶನಿವಾರ. ಗುರುವಾರ ಬೆಳಿಗ್ಗೆ ನಮ್ಮ ಬೀದಿಗೆ ಎರಡು ಲಾರಿ ಬಂದು, ಹಾಲಿನ ಗಾಡಿಗೂ ದಾರಿ ಇಲ್ಲದ ಹಾಗೆ ನಿಂತವು. ಮೌರೀನ್ ಮಗಳ ಉಡುಪು ತರಲು ಪೇಟೆಗೆ ಹೋಗಿದ್ದಳು. ಶಾಮಿಯಾನದ ಮೇಸ್ತ್ರಿ ಕೆವ್ ಇಳಿದು ಬಂದ. ಗಟ್ಟಿ ಆಳು, ಬಿಸಿಲಿಗೆ ಕೆಂಪಾದ ಕುತ್ತಿಗೆ. ಮನೆಯ ಪಕ್ಕದ ಓಣಿಯಲ್ಲಿ ನಡೆದು ಹಿತ್ತಲಿಗೆ ಬಂದು ನಿಂತ.

"ತೋಟ ಎಲ್ಲಿ ಯಜಮಾನ್ರೇ?"

"ಇದೇ."

ಕೆವ್ ತೋಟವನ್ನು ನೋಡಿದ, ತಿರುಗಿ ಲಾರಿಗಳನ್ನು ನೋಡಿದ.

"ನಾನು ಇದು ತೋಟಕ್ಕೆ ಹೋಗೋ ದಾರಿ ಅನ್ಕೊಂಡೆ."

"ಸ್ವಲ್ಪ ಚಿಕ್ಕದು ಸಿಗಲ್ವಾ?" ಎಂದ ಬರ್ನಾರ್ಡ್, ಸಣ್ಣ ದನಿಯಲ್ಲಿ.

"ಜೂನ್ ತಿಂಗಳು ಯಜಮಾನ್ರೇ. ಸೆಪ್ಟೆಂಬರ್ ತನಕ ನಮ್ಮ ಹತ್ರ ಒಂದು ಕೊಡೆ ಕೂಡ ಖಾಲಿ ಇಲ್ಲ. ಇದೇ, ಇಲ್ಲಾಂದ್ರೆ ಬರೀ ಆಕಾಶ."

ಬರೀ ಆಕಾಶವನ್ನೇ ಆರಿಸಿಕೊಳ್ಳುವಷ್ಟು ಬುದ್ಧಿ ಬರ್ನಾರ್ಡನಿಗೆ ಆ ಗಳಿಗೆಯಲ್ಲಿ ಬಂದೇಬಿಟ್ಟಿತ್ತು. ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಓಣಿಯಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿಯ ಸದ್ದು ಕೇಳಿತು. ಯಾರನ್ನು ಎಲ್ಲಿ ಕೂರಿಸುವುದೆಂದು ನೋಡಲು ಡಾಫ್ನಿ ಬಂದಿದ್ದಳು. ಲಾರಿಗಳನ್ನು ದಾಟಿ ಬಂದಿದ್ದರಿಂದ ಅವಳ ಹುಬ್ಬುಗಳು ಆಗಲೇ ಮೇಲೆ ಹೋಗಿದ್ದವು.

"ಅಲ್ಲ ಬರ್ನಾರ್ಡ್, ನೀವು ಹೇಳಿದಾಗ ನಾನು ನಂಬಿರ್ಲಿಲ್ಲ. ನಮ್ಮದಕ್ಕಿಂತ ದೊಡ್ಡದು ಇದು. ಎಲ್ಲಿ ನಿಲ್ಲಿಸ್ತೀರಿ?"

ದಾರಿ ಕೇಳಿದರೆ ಕೈಯೆತ್ತಿ ತೋರಿಸುವುದು ಬರ್ನಾರ್ಡನ ಹುಟ್ಟುಗುಣ. ಕೈ ತಾನಾಗಿ ಎದ್ದಿತು. ಎಡಗಡೆ ಎನಿಡ್ ಮಡ್ಜ್ ಮುದುಕಿಯ ಹುರುಳಿಕಾಯಿ ಬಳ್ಳಿಯಿಂದ ಹೊರಟು, ತನ್ನ ತೋಟವನ್ನು ದಾಟಿ, ಬಲಗಡೆ ಪ್ರೂಯೆಟ್ ಮೇಷ್ಟ್ರ ಸೇಬಿನ ಮರದವರೆಗೆ ಹೋಗಿ ನಿಂತಿತು.

"ಇಲ್ಲಿಂದ... ಅಲ್ಲಿಗೆ."

"ಇದೆಲ್ಲ ನಿಮ್ಮದೇನಾ?"

ಬರ್ನಾರ್ಡ್ ಕೆಮ್ಮಿದ.

ನಮ್ಮ ಕಡೆ ಕೆಮ್ಮಿಗೆ ಹಲವು ಅರ್ಥ. ಇಲ್ಲ ಎನ್ನಲು ಕೆಮ್ಮುತ್ತಾರೆ, ಗೊತ್ತಿಲ್ಲ ಎನ್ನಲು ಕೆಮ್ಮುತ್ತಾರೆ, ಕೆಮ್ಮು ಬಂದರೂ ಕೆಮ್ಮುತ್ತಾರೆ. ಡಾಫ್ನಿ ಇವನ್ನೆಲ್ಲ ಬಿಟ್ಟು, ತನ್ನ ಆಸ್ತಿಯನ್ನು ತಾನೇ ಹೇಳಿಕೊಳ್ಳಲು ನಾಚುವ ದೊಡ್ಡ ಮನುಷ್ಯನ ಕೆಮ್ಮು ಎಂಬ ಅರ್ಥವನ್ನು ಎತ್ತಿಕೊಂಡಳು. ಮೂರು ತೋಟಗಳನ್ನೂ ಹೊಸ ಗೌರವದಿಂದ ಒಮ್ಮೆ ನೋಡಿದಳು.

"ಆ ಬೇಲಿ ಹಂಗಿದ್ರೆ ಆಗಲ್ಲ," ಎಂದ ಕೆವ್, ಬಲಗಡೆ ತೋರಿಸಿ. "ಸೊಂಟದ ಮಟ್ಟಕ್ಕೆ ಬರ್ಬೇಕು. ನಾಳೆ ಮಧ್ಯಾಹ್ನ ಕಂಬ ಎತ್ತೋದು."

ಆ ಹಸಿರು ಬೇಲಿಯ ವಿಷಯ ಹೇಳಬೇಕು. ಅದು ಪ್ರೂಯೆಟ್ ಮೇಷ್ಟ್ರದು. ಮೇಷ್ಟ್ರು ನಮ್ಮೂರ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ಹಲವು ವರ್ಷಗಳ ಹಿಂದೆ ಅವರು ರಜೆಗೆ ಹೋಗಿದ್ದಾಗ ಬರ್ನಾರ್ಡ್ ಉಪಕಾರ ಮಾಡುವೆನೆಂದು ಆ ಬೇಲಿಯನ್ನು ಕತ್ತರಿಸಿ, ಒಂದು ಕಡೆ ಕುಳ್ಳಗೂ ಇನ್ನೊಂದು ಕಡೆ ಬೋಳಾಗಿಯೂ ಮಾಡಿಟ್ಟಿದ್ದ. ಅಂದಿನಿಂದ ಮೇಷ್ಟ್ರು ಬರ್ನಾರ್ಡನೊಡನೆ ಮಾತು ಬಿಟ್ಟಿದ್ದರು, ಬೇಲಿ ಕತ್ತರಿಸುವುದನ್ನೂ ಬಿಟ್ಟಿದ್ದರು. ಅದು ಬೆಳೆದು ಬೆಳೆದು ಟಾಪ್ಲಿಸ್ ಮನೆಯ ಅಡುಗೆಮನೆಗೆ ಮಧ್ಯಾಹ್ನವೇ ದೀಪ ಹಾಕಬೇಕಾಗಿತ್ತು.

ಈ ಚರಿತ್ರೆಯೊಂದೂ ತಿಳಿಯದ ಡಾಫ್ನಿ ನೆಟ್ಟಗೆ ಬೇಲಿಯ ಸಂದಿನ ಹತ್ತಿರ ಹೋದಳು. ಆ ಕಡೆ ಮೇಷ್ಟ್ರು ತೂತುಬಿದ್ದ ಹುಲ್ಲುಟೋಪಿ ಹಾಕಿಕೊಂಡು, ಕತ್ತರಿ ಹಿಡಿದು, ಒಣಗಿದ ಗುಲಾಬಿ ಕತ್ತರಿಸುತ್ತಿದ್ದರು.

"ಏನಪ್ಪಾ, ಸ್ವಲ್ಪ ಇಲ್ಲಿ ಕೇಳು."

ಮೇಷ್ಟ್ರು ಹಿಂದೆ ತಿರುಗಿ ಯಾರಾದರೂ ಇದ್ದಾರೇನೋ ಎಂದು ನೋಡಿದರು. ಯಾರೂ ಇರಲಿಲ್ಲ.

"ಈ ಬೇಲಿನ ಇಷ್ಟು ಬೆಳೆಯೋಕೆ ಬಿಟ್ಟಿದ್ದೀಯಲ್ಲ, ಸರಿಯಾ ಇದು? ನಾಳೆ ಮಧ್ಯಾಹ್ನದೊಳಗೆ ಸೊಂಟದ ಮಟ್ಟಕ್ಕೆ ತಂದಿರ್ಬೇಕು. ಮೇಲ್ಗಡೆ ಸಮ ಇರ್ಲಿ. ಅಲೆ ಅಲೆ ಬೇಡ."

ಮೇಷ್ಟ್ರು ಬಾಯಿ ತೆರೆದರು. ಆ ಬಾಯಿ ತೆರೆದರೆ ಶಾಲೆಯ ಕಿಟಕಿಗಳು ನಡುಗುತ್ತಿದ್ದ ಕಾಲವೊಂದಿತ್ತು. ಇಂದು ಗಾಳಿ ಮಾತ್ರ ಬಂತು.

"ಮಾತು ಬೇಡ, ಕೆಲಸ ಆಗ್ಲಿ," ಎಂದು ಡಾಫ್ನಿ ತಿರುಗಿದಳು. ಬರ್ನಾರ್ಡ್ ಲಾರಿಯ ಹಿಂದೆ ಹೋಗಿ ಹಗ್ಗ ಎಣಿಸುತ್ತಿರುವವನಂತೆ ನಿಂತಿದ್ದ. ಕೆವ್ ಅವನಿಗಿಂತ ಒಳಗೆ ಅವಿತಿದ್ದ. ಅವನು ಮೇಷ್ಟ್ರ ಹಳೇ ಶಿಷ್ಯ.

ಎಡಗಡೆ ಬರೀ ತಂತಿಬೇಲಿ. ಅದರಾಚೆ ಎನಿಡ್ ಮಡ್ಜ್ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದ. ಲೋಕದಲ್ಲಿ ಅವಳಿಗೆ ಒಂದೇ ಭಯ: ಒಂಟಿ ಮುದುಕರು ಮನೆಯಲ್ಲಿರಲು ತಕ್ಕವರೋ ಇಲ್ಲವೋ ಎಂದು ನೋಡಲು ಸರ್ಕಾರಿ ಕಚೇರಿಯಿಂದ ಒಬ್ಬ ಹೆಂಗಸು ಬರುತ್ತಾಳೆ, ಸರಿಕಾಣದಿದ್ದರೆ ಎತ್ತಿಕೊಂಡು ಹೋಗಿ ವೃದ್ಧಾಶ್ರಮಕ್ಕೆ ಹಾಕುತ್ತಾಳೆ ಎಂದು. ಒಳ್ಳೆಯ ಕೈಚೀಲ ಹಿಡಿದು, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ ಡಾಫ್ನಿಯನ್ನು ಕಂಡಾಗ ಎನಿಡ್‌ಗೆ ಅನುಮಾನವೇ ಉಳಿಯಲಿಲ್ಲ.

"ಬನ್ನಿ ಬನ್ನಿ, ಒಳಗೆ ಬನ್ನಿ. ನಾನು ಕಲ್ಲುಗುಂಡಿನ ಹಾಗಿದೀನಿ," ಎಂದು ಬೀಗಿತ್ತಿಯ ಕೋಟನ್ನು ತಾನೇ ಇಸಿದುಕೊಂಡು, ಕೂರಿಸಿ, ಟೀ ಕೊಟ್ಟು, ಕೇಳದಿದ್ದರೂ ಮೆಟ್ಟಿಲು ಹತ್ತಿ ಇಳಿದು ತೋರಿಸಿದಳು. "ನೋಡಿದ್ರಾ? ಕಂಬಿ ಕೂಡ ಹಿಡ್ಕೊಳ್ಳಲಿಲ್ಲ."

ಇವಳು ಟಾಪ್ಲಿಸ್ ಮನೆಯ ಹಳೇ ಆಳೆಂದುಕೊಂಡಿದ್ದ ಡಾಫ್ನಿಗೆ ಆ ಹುರುಪು ಕಂಡು ಮನಸ್ಸು ಕರಗಿತು.

"ಎಷ್ಟು ಕಾಲದಿಂದ ಇಲ್ಲಿದೀರಮ್ಮ?"

"ಮದುವೆಯಾದಾಗಿಂದ. ನನ್ನನ್ನ ಇಲ್ಲಿಂದ ಹೊರಡಿಸೋಕೆ ಯಾರ ಕೈಲೂ ಆಗಲ್ಲ. ಹೋದ್ರೆ ಹೆಣವಾಗೇ."

"ಟಾಪ್ಲಿಸ್‌ನವರು ಚೆನ್ನಾಗಿ ನೋಡ್ಕೋತಾರಾ?"

"ಭಾನುವಾರ ಭಾನುವಾರ ಊಟ ಕಳಿಸ್ತಾಳೆ ಮೌರೀನ್."

"ಶನಿವಾರ ಈ ಕಡೆಗೂ ಶಾಮಿಯಾನ ಬರುತ್ತೆ. ನಿಮಗೆ ತೊಂದ್ರೆ ಇಲ್ಲ ತಾನೇ?"

ತೋಟದ ಮೇಲೆ ಬಟ್ಟೆ ಹೊದಿಸುವುದು ಕಚೇರಿಯ ಹೊಸ ಏರ್ಪಾಡಿರಬೇಕು ಎಂದುಕೊಂಡಳು ಎನಿಡ್. ಕಚೇರಿಯವರೊಡನೆ ಜಗಳ ಕಟ್ಟಿಕೊಳ್ಳಬಾರದು. "ಆಗ್ಲಿ, ಹಾಕ್ಸಿ. ನಂಗೆಲ್ಲಾ ಒಗ್ಗುತ್ತೆ," ಎಂದಳು.

ಡಾಫ್ನಿ ಕಾರು ಹತ್ತುವಾಗ ಕಣ್ಣೊರೆಸಿಕೊಂಡಳು. "ಇಂಥ ಆಳುಗಳು ಈ ಕಾಲದಲ್ಲಿ ಯಾರ ಮನೇಲಿದ್ದಾರೆ ಬರ್ನಾರ್ಡ್. ಪುಣ್ಯ ಮಾಡಿದ್ರಿ."

ಬರ್ನಾರ್ಡ್ ಮತ್ತೆ ಕೆಮ್ಮಿದ.

ಮೌರೀನ್ ಪೇಟೆಯಿಂದ ಬಂದು, ಹಿತ್ತಲ ತುಂಬ ಬಿದ್ದಿದ್ದ ಕಂಬಗಳನ್ನು ಕಂಡು, ಗಂಡನ ಬಾಯಿಂದ ಎಲ್ಲವನ್ನೂ ಕೇಳಿದಳು. ಉಡುಪಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೋರಲು ಹಾಕಿದ್ದ ಹೂಕುಂಡದ ಮೇಲೆ ಕೂತಳು.

"ನಾನು ಸುಳ್ಳು ಹೇಳ್ಲಿಲ್ಲ ಮೌರೀನ್. ಕೆಮ್ಮಿದೆ, ಅಷ್ಟೇ."

"ಬರ್ನಾರ್ಡ್, ನಂಗೆ ಕೋಪ ಮಾಡ್ಕೊಳ್ಳೋಕೂ ಶಕ್ತಿ ಇಲ್ಲ. ಟೀ ಇಡು."

ಶುಕ್ರವಾರ ಬೆಳಿಗ್ಗೆ ಇಡೀ ಬೀದಿಗೆ ಕೇಳುವಂತೆ ಕಚ್ ಕಚ್ ಸದ್ದು. ಗಂಡ ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತರು. ಮೇಷ್ಟ್ರು ಏಣಿ ಹಾಕಿಕೊಂಡು ಬೇಲಿ ಕತ್ತರಿಸುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ದಾರಿ ತಪ್ಪಿದವರ ಹಾಗೆ ಇತ್ತು. ಮೇಲುಗಡೆ ಸಮ ಇತ್ತು, ಅಲೆ ಇರಲಿಲ್ಲ. ಹಲವು ವರ್ಷಗಳ ಮೇಲೆ ಟಾಪ್ಲಿಸ್ ಅಡುಗೆಮನೆಗೆ ಬಿಸಿಲು ಬಂದು ಒಲೆಯ ಹಿಂದಿನ ಜಿಡ್ಡನ್ನೆಲ್ಲ ತೋರಿಸಿತು.

ಮಧ್ಯಾಹ್ನ ಕೆವ್ ತಂತಿಬೇಲಿ ಸುತ್ತಿಟ್ಟು ಕಂಬ ಎತ್ತಿಸಿದ. ಬಿಳಿಯ ಬಟ್ಟೆ ಮೂರು ತೋಟಗಳ ಮೇಲೂ ಉಬ್ಬಿ ಕೂತಿತು. ಎರಡು ವಸಂತಗಳ ಗುಲಾಬಿ, ಡೆಲ್ಫಿನಿಯಂ, ಸ್ವೀಟ್ ಪೀ ಎಲ್ಲ ಅದರ ಹೊಟ್ಟೆಯೊಳಗೆ. ಸಂಜೆ ಜೆಮ್ಮಾ ಬಂದು ಒಳಗೆ ಕಾಲಿಟ್ಟು ಕತ್ತೆತ್ತಿದಳು.

"ಅಪ್ಪ, ಆಕಾಶ ಎಲ್ಲಿ?"

"ಹೊರಗಡೆ ಇದೆಯಮ್ಮ."

ಅವಳು ಕೂತುಬಿಟ್ಟಳು. ನಕ್ಕಳೋ ಅತ್ತಳೋ ಬರ್ನಾರ್ಡನಿಗೆ ತಿಳಿಯಲಿಲ್ಲ. ಎರಡಕ್ಕೂ ಶುರುವಿನಲ್ಲಿ ಒಂದೇ ಸದ್ದು.

ಶನಿವಾರ ಬಿಸಿಲು ಕಾಯಿತು. ಚರ್ಚಿನಲ್ಲಿ ಎಲ್ಲವೂ ನೆಟ್ಟಗೆ ನಡೆಯಿತು. ಅಲ್ಲಿ ಬರ್ನಾರ್ಡನ ಕೆಲಸ ಮಗಳ ಕೈಹಿಡಿದು ನೇರವಾಗಿ ನಡೆಯುವುದು ಮಾತ್ರ, ತಿರುವುಗಳಿರಲಿಲ್ಲ. ಆಮೇಲೆ ಮೆರವಣಿಗೆ ಶಾಮಿಯಾನದೊಳಗೆ ಬಂದಿತು. ಊರಿನ ಅರ್ಧ ಜನ ಅಲ್ಲಿದ್ದರು. ಮೂರು ತೋಟ ಮುಚ್ಚಿದ ಮೇಲೆ ಬೀದಿಯವರನ್ನು ಕರೆಯದೆ ಇರುವುದು ಹೇಗೆ.

ಒಳಗೆ ಹೂವಿನ ಮಡಿಗಳ ನಡುನಡುವೆ ಮೇಜುಗಳು. ಬಟ್ಟೆಯ ಕೆಳಗಿನ ಶಾಖಕ್ಕೆ ಸ್ವೀಟ್ ಪೀಯ ವಾಸನೆ ದಟ್ಟವಾಗಿ, ಬ್ರೆಡ್ಡಿಗೆ ಹಚ್ಚಿಕೊಳ್ಳಬಹುದು ಎನ್ನುವಷ್ಟಾಗಿತ್ತು. ಡೆಲ್ಫಿನಿಯಂಗಳು ಕೂತವರ ತಲೆಗಿಂತ ಎತ್ತರ, ಟೋಬಿಯ ಚಿಕ್ಕಪ್ಪ ಬಹಳ ಹೊತ್ತು ಒಂದು ಗಿಡದಾಚೆಯ ಖಾಲಿ ಕುರ್ಚಿಯ ಜೊತೆ ಮಾತಾಡಿದ. ದುಂಬಿಗಳು ಹೊರಹೋಗುವ ದಾರಿ ಕಾಣದೆ ಸ್ಟ್ರಾಬೆರಿಯ ಮೇಲೆ ಇಳಿದವು. ಇತ್ತ ಎನಿಡ್, ಕಚೇರಿಯವರು ಬರುವ ದಿನ ಮನೆ ಕೊಳಕಾಗಿದೆ ಎನ್ನಿಸಿಕೊಳ್ಳಬಾರದೆಂದು ಬೆಳಿಗ್ಗೆಯೇ ಬಟ್ಟೆ ಒಗೆದು ತನ್ನ ಹಗ್ಗಕ್ಕೆ ಹರವಿದ್ದಳು. ಹಗ್ಗ ಶಾಮಿಯಾನದೊಳಗಿತ್ತು. ಅವಳ ಉದ್ದ ಚಡ್ಡಿಗಳ ಕೆಳಗೆ ವರನ ಕಡೆಯವರು ಮೀನಿನ ಊಟ ಮಾಡಿದರು, ಸಂಪ್ರದಾಯವಿರಬೇಕೆಂದು ಯಾರೂ ಕೇಳಲಿಲ್ಲ.

"ಬೇರು ಸಮೇತ ಹೂವು, ಅದೂ ಶಾಮಿಯಾನದೊಳಗೆ," ಎಂದು ವರನ ಕಡೆಯ ಒಬ್ಬಳು ಮೆಚ್ಚಿದಳು. "ಯಾರ ಕೈಕೆಲಸ ಡಾಫ್ನಿ?"

"ಅವರ ತೋಟಗಾರನದು. ಅಗೋ, ಸೇಬಿನ ಮರದ ಕೆಳಗೆ ಕೂತಿದ್ದಾನೆ. ಪಕ್ಕದಲ್ಲಿರೋ ಅಜ್ಜಿ ಮನೆ ಆಳು. ಇಬ್ಬರನ್ನೂ ಮೇಜಿಗೇ ಕೂರಿಸಿದ್ದಾರೆ ನೋಡು, ಎಂಥ ದೊಡ್ಡ ಮನಸ್ಸು."

ಆಲೂಗಡ್ಡೆಯ ಬೋಗುಣಿ ಹಿಡಿದು ಹೋಗುತ್ತಿದ್ದ ಮೌರೀನ್‌ಗೆ ಇದು ಕೇಳಿಸಿತು. ಅವಳು ನಿಂತಳು. ಉಗುರುಸಂದಿಯ ಮಣ್ಣು ಎಷ್ಟು ಉಜ್ಜಿದರೂ ಹೋಗದ ಕೈಗಳಿಂದ ಬೋಗುಣಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಇನ್ನೊಂದು ತರಲು ಹೋದಳು. ಬರ್ನಾರ್ಡ್ ಅದನ್ನು ನೋಡಿದ. ಅವನ ಮುಂದಿದ್ದ ಮೀನು ಹಾಗೇ ಉಳಿಯಿತು.

ಭಾಷಣದ ಹೊತ್ತಾಯಿತು. ವರನ ಅಪ್ಪ ಹ್ಯೂ ಕಾರ್ಬೆಟ್ ಎದ್ದ. ಸಾಧು ಮನುಷ್ಯ, ಹೆಂಡತಿ ಹೇಳಿದ್ದನ್ನು ಸ್ವಂತ ಅಭಿಪ್ರಾಯವಾಗಿ ಹೇಳಿ ರೂಢಿಯಾದವನು.

"ಕೊನೇದಾಗಿ," ಎಂದ ಹ್ಯೂ, "ಈ ಮೂರು ಪಟ್ಟಿ ತೋಟವನ್ನ ಇಷ್ಟು ಚೆನ್ನಾಗಿ ಬೆಳೆಸಿದ ಒಬ್ಬ ಮನುಷ್ಯ ಇಲ್ಲಿದ್ದಾನೆ. ತೋಟಗಾರ. ಎದ್ದು ನಿಲ್ಲಪ್ಪ, ನಾಚ್ಕೋಬೇಡ."

ವರನ ಕಡೆಯವರು ಚಪ್ಪಾಳೆ ತಟ್ಟಿದರು. ಊರಿನ ಕಡೆಯವರು ಉಸಿರು ಹಿಡಿದರು. ಪ್ರೂಯೆಟ್ ಮೇಷ್ಟ್ರು ನಿಧಾನವಾಗಿ ಎದ್ದು, ಹ್ಯೂನನ್ನಲ್ಲ, ಬರ್ನಾರ್ಡನನ್ನು ನೋಡಿದರು. ಆ ನೋಟಕ್ಕೆ ಮೇಜುಮೇಜಿನಲ್ಲಿ ನರೆತ ತಲೆಗಳು ಬಗ್ಗಿದವು, ಎಂದೋ ಮಾಡದೆ ಬಿಟ್ಟ ಲೆಕ್ಕಗಳು ನೆನಪಾದವು.

ಬರ್ನಾರ್ಡ್ ಎದ್ದ. ಕೆಮ್ಮಿದ. ಡಾಫ್ನಿ ಅರ್ಥವಾಯಿತೆಂದು ತಲೆದೂಗಿದಳು.

"ಇಲ್ಲ ಡಾಫ್ನಿ, ಈ ಕೆಮ್ಮಿಗೆ ಏನೂ ಅರ್ಥ ಇಲ್ಲ. ಮೊನ್ನೇದಕ್ಕೂ ಇರ್ಲಿಲ್ಲ." ಕೈಯೆತ್ತಿದ. "ಆ ಕಂಬದಿಂದ ಆಚೆ ಇರೋದು ಎನಿಡ್ ಮಡ್ಜ್ ಅವರ ತೋಟ. ಆಳಲ್ಲ ಅವರು, ನೆರೆಯವರು. ಆ ಬಟ್ಟೆಗಳೂ ಅವರವೇ. ಈ ಕಡೆ ಇರೋದು ಪ್ರೂಯೆಟ್ ಮೇಷ್ಟ್ರದು. ಅವರ ಬೇಲಿನ ನಾನು ಒಂದ್ಸಲ ಹಾಳು ಮಾಡಿದ್ದೆ. ಆಮೇಲೆ ಇವತ್ತಿನವರೆಗೆ ಕ್ಷಮೆ ಕೇಳಿಲ್ಲ, ಕೇಳೋಕೆ ಬೇಲಿ ಎತ್ತರ ಇತ್ತು. ಮಧ್ಯ ಇರೋ ತುಂಡು ನಮ್ಮದು. ಅದರಲ್ಲಿರೋ ಒಂದೊಂದು ಹೂವನ್ನೂ ಮೌರೀನ್ ಮೊಣಕಾಲೂರಿ ಬೆಳೆಸಿದ್ದು. ನಾನು ಒಂದು ಗಿಡಕ್ಕೆ ದಿನಾ ನೀರು ಹಾಕಿದೆ, ಅದು ಕಳೆ ಅಂತ ಆಮೇಲೆ ಗೊತ್ತಾಯ್ತು. ನನ್ನದು ಅಂತ ಇಲ್ಲಿರೋದು ಈ ಶಾಮಿಯಾನ ಒಂದೇ. ಅದೂ ಅಳತೆ ತಪ್ಪಿ ಬಂದದ್ದು, ಬಾಡಿಗೇದು."

ಅಷ್ಟು ಹೇಳಿ ಕೂತ.

"ಏನಂದ?" ಎಂದಳು ಎನಿಡ್, ಎಲ್ಲರಿಗೂ ಕೇಳುವಂತೆ.

ಮೇಷ್ಟ್ರು ಬಗ್ಗಿ ಅವಳ ಕಿವಿಯಲ್ಲಿ, ಅದೇ ಶಾಲೆಯ ದನಿಯಲ್ಲಿ ಹೇಳಿದರು. "ನಿಮ್ಮ ತೋಟ ನಿಮ್ಮದೇ ಅಂತೆ, ನನ್ನದು ನನ್ನದೇ ಅಂತೆ. ಹೂವು ಮೌರೀನ್‌ದು ಅಂತೆ."

"ಅದು ನಾಯಿಗೂ ಗೊತ್ತು. ಕೇಕ್ ಯಾವಾಗ?"

ಮೊದಲು ನಕ್ಕದ್ದು ಜೆಮ್ಮಾ. ಈ ಸಲ ಯಾವ ಸದ್ದೆಂದು ಅನುಮಾನವಿರಲಿಲ್ಲ. ಆಮೇಲೆ ಉಳಿದವರು. ಡಾಫ್ನಿ ನಗಲಿಲ್ಲ. ಕೆಂಪೇರಿ, ಎದ್ದು, ನೇರ ಮೇಷ್ಟ್ರ ಹತ್ತಿರ ಹೋದಳು.

"ನೀವು ತೋಟಗಾರರಲ್ವಾ?"

"ಹೆಡ್‌ಮಾಸ್ಟರ್ ಆಗಿದ್ದೆ."

"ಮತ್ತೆ ನಾನು ಹೇಳಿದ ತಕ್ಷಣ ಬೇಲಿ ಯಾಕೆ ಕತ್ತರಿಸಿದ್ರಿ?"

ಮೇಷ್ಟ್ರು ಯೋಚಿಸಿದರು. "ಜನ್ಮ ಇಡೀ ಅಪ್ಪಣೆ ಕೊಟ್ಟವನು ನಾನು. ನನಗೆ ಯಾರೂ ಕೊಟ್ಟಿರ್ಲಿಲ್ಲ. ಇಲ್ಲ ಅನ್ನೋದು ಹೇಗೆ ಅಂತ ಹೊಳೀಲಿಲ್ಲ."

ಡಾಫ್ನಿ ಅಲ್ಲಿಂದ ಡೆಲ್ಫಿನಿಯಂ ಮಡಿಯ ಹತ್ತಿರ ಬಂದಳು. ಮೌರೀನ್ ಖಾಲಿ ತಟ್ಟೆಗಳನ್ನು ಪೇರಿಸುತ್ತಿದ್ದಳು. ಡಾಫ್ನಿ ಏನನ್ನಾದರೂ ಸರಿಮಾಡಲು ಸುತ್ತ ನೋಡಿದಳು, ಏನೂ ಸಿಗಲಿಲ್ಲ.

"ಈ ನೀಲಿ ಹೂವು ನಾನೂ ಹಾಕ್ತೀನಿ ಮೌರೀನ್. ಪ್ರತಿವರ್ಷ ಬಸವನಹುಳು ತಿಂದುಬಿಡುತ್ತೆ. ನೀವೇನು ಮಾಡ್ತೀರಿ?"

"ಬೆಳಗಾಗ್ತಾ ಎದ್ದು ಕೈಯಲ್ಲಿ ಹೆಕ್ತೀನಿ."

"ದಿನಾನಾ?"

"ದಿನಾ."

"ಸುಸ್ತಾಗಲ್ವಾ?"

ಇಷ್ಟು ಕಾಲದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ನಿಂತುಕೊಂಡು ಉತ್ತರ ಹೇಳುವಂಥದ್ದಲ್ಲ ಎಂದು ಮೌರೀನ್ ಒಂದು ಕುರ್ಚಿ ಎಳೆದುಕೊಂಡು ಕೂತಳು. "ಸುಸ್ತಾ," ಎಂದು ಶುರುಮಾಡಿದಳು. ಡಾಫ್ನಿ ಕಾದಳು. ಮುಂದಿನ ಮಾತು ಬರಲಿಲ್ಲ. ಮೌರೀನ್‌ಳ ತಲೆ ಸ್ವೀಟ್ ಪೀ ಕಟ್ಟಿದ ಕೋಲಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ.

ಡಾಫ್ನಿ ಅವಳ ತೊಡೆಯ ಮೇಲಿನ ತಟ್ಟೆಗಳನ್ನು ಮೆಲ್ಲಗೆ ತೆಗೆದಿಟ್ಟಳು. ವಾದ್ಯದವರ ಹತ್ತಿರ ಹೋಗಿ ಬೆರಳೆತ್ತಿದಳು, ವಾದ್ಯ ನಿಂತಿತು. ಜನ ತುದಿಗಾಲಲ್ಲಿ ನಡೆದರು. ಕೇಕನ್ನು ಪಿಸುಮಾತಿನಲ್ಲಿ ಹಂಚಿದರು. ಮದುಮಗಳು ಹೊರಡುವ ಹೊತ್ತಿಗೆ ಸಂಜೆಯ ಬಿಸಿಲು ಬಟ್ಟೆಯ ಮೇಲೆ ಹಳದಿಯಾಗಿತ್ತು.

"ಎಬ್ಬಿಸ್ಲಾ?" ಎಂದ ಬರ್ನಾರ್ಡ್.

"ಬೇಡಪ್ಪ." ಗೆಳತಿಯರ ಕಡೆ ಎಸೆಯಬೇಕಾಗಿದ್ದ ಹೂಗೊಂಚಲನ್ನು ಜೆಮ್ಮಾ ಅಮ್ಮನ ಮಡಿಲಲ್ಲಿಟ್ಟು, ಕೂದಲಿಗೊಂದು ಮುತ್ತು ಕೊಟ್ಟಳು.

ಕಾರಿನ ಹಿಂದೆ ಗೆಳೆಯರು ಕಟ್ಟಿದ್ದ ತಗಡಿನ ಡಬ್ಬಗಳನ್ನು ಟೋಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಆದರೆ ಅದು ಹ್ಯೂನ ಹಳೆಯ ಕಾರು, ಶುರುಮಾಡಿದರೆ ಊರು ಎದ್ದು ಕೂರುತ್ತದೆ. ನೆರೆದವರೆಲ್ಲ ಬಾಯಿಮುಚ್ಚಿ ಕೈಬೀಸುತ್ತಿದ್ದಾಗ ಬರ್ನಾರ್ಡ್ ಕೋಟು ಬಿಚ್ಚಿ ಕಾರಿನ ಹಿಂದೆ ಹೋಗಿ ತಳ್ಳಲು ನಿಂತ. ಕಾರು ಅಲುಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಬಂದು ಊರಿತು.

"ಬೆನ್ನು ಬಗ್ಗಿಸಿ ತಳ್ಳು ಟಾಪ್ಲಿಸ್," ಎಂದರು ಪ್ರೂಯೆಟ್ ಮೇಷ್ಟ್ರು. "ಮಾತು ಬೇಡ."

ಇಬ್ಬರೂ ಏದುಸಿರು ಬಿಡುತ್ತ ಮದುಮಕ್ಕಳನ್ನು ಬೀದಿಯುದ್ದಕ್ಕೂ, ಚರ್ಚು ದಾಟಿ, ಎಂಜಿನ್ನಿನ ಸದ್ದು ಮನೆಗೆ ಕೇಳಿಸದಷ್ಟು ದೂರದವರೆಗೆ ತಳ್ಳಿಕೊಂಡು ಹೋದರು.